ಕಸದ ಫೈಲು

ಹಾಡಿನಕ್ಕನಿಗೆ ಹಾಡಲು ಬರುವುದಿಲ್ಲ, ನುಡಿಸಲೂ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅವಳ ಕೆಲಸ ಏನೆಂದು ಕೇಳಿದವರೆಲ್ಲ ಎರಡನೆಯ ಮಾತಿಗೇ ಒಂದು ಹಾಡು ಹೇಳಿ ನೋಡೋಣ ಎಂದು ಗಂಟುಬೀಳುತ್ತಾರೆ. ಅವಳ ಚಿಕ್ಕಮ್ಮನಂತೂ ಇಪ್ಪತ್ತು ವರ್ಷದಿಂದ ನೆಂಟರಿಷ್ಟರ ಮುಂದೆ, ನಮ್ಮ ಹುಡುಗಿ ಸಿನಿಮಾದವರಿಗೆ ಕ್ಯಾಸೆಟ್ ಹಾಕಿಕೊಡುತ್ತಾಳೆ ಎಂದೇ ಹೇಳಿಕೊಂಡು ಬಂದಿದ್ದಾಳೆ. ಅದು ಪೂರ್ತಿ ಸುಳ್ಳೂ ಅಲ್ಲ. ಸಿನಿಮಾದಲ್ಲೋ ಟೀವಿ ಸರಣಿಯಲ್ಲೋ ಒಬ್ಬ ಹೋಟೆಲಿಗೆ ಹೋಗಿ ಕೂತರೆ ಅಲ್ಲಿನ ರೇಡಿಯೋದಲ್ಲಿ ಯಾವ ಹಾಡು ಬರುತ್ತಿರಬೇಕು, ಗಂಡ ಹೆಂಡತಿ ಮಾತು ಬಿಟ್ಟು ಕಾರಿನಲ್ಲಿ ಹೋಗುವಾಗ ಅವರ ಬದಲಿಗೆ ಯಾವ ಹಾಡು ಜಗಳವಾಡಬೇಕು, ಇದನ್ನೆಲ್ಲ ಹುಡುಕಿ ಕೊಡುವವಳು ಅವಳೇ.

ಹುಡುಕುವುದು ಅರ್ಧ ಕೆಲಸ. ಉಳಿದರ್ಧ, ಆ ಹಾಡು ಯಾರದ್ದೆಂದು ಪತ್ತೆ ಮಾಡಿ ಒಪ್ಪಿಗೆ ತರುವುದು. ಹಾಡು ಕಟ್ಟಿದವರು ಒಬ್ಬರಿರುತ್ತಾರೆ, ಹಾಡಿದ ದನಿ ಇನ್ನೊಬ್ಬರದಿರುತ್ತದೆ, ಇಬ್ಬರ ಸಹಿಯೂ ಬೇಕು. ಅವರು ತೀರಿಹೋಗಿದ್ದರೆ ಅವರ ಮಕ್ಕಳ ಸಹಿ, ಮಕ್ಕಳಲ್ಲೇ ವ್ಯಾಜ್ಯವಿದ್ದರೆ ದೇವರೇ ಗತಿ. ಈ ಸಹಿಯ ವಿಷಯದಲ್ಲಿ ಹಾಡಿನಕ್ಕ ಒಂದು ಹಟ ಇಟ್ಟುಕೊಂಡಿದ್ದಳು. ಆ ಹಾಡು ಯಾವ ದೃಶ್ಯದಲ್ಲಿ ಬರುತ್ತದೋ ಅದನ್ನು ಹಾಡಿನವರಿಗೆ ತೋರಿಸದೆ ಅವಳು ಯಾರಿಂದಲೂ ಸಹಿ ಹಾಕಿಸಿಕೊಂಡವಳಲ್ಲ. ತಮ್ಮ ದನಿ ಯಾರ ಮನೆಯ ಹೆಣದ ಮುಂದೆ ಕೇಳಿಸುತ್ತದೆ ಎಂಬುದು ಹಾಡಿದವರಿಗೆ ಗೊತ್ತಿರಬೇಡವೇ ಎನ್ನುವುದು ಅವಳ ವಾದ. ನಿರ್ಮಾಪಕರು ಇದಕ್ಕೆ ಮೂಗು ಮುರಿದರೂ ಅವಳು ಕೇರ್ ಮಾಡಿದ್ದಿಲ್ಲ.

ಎರಡನೆಯ ಹಟವೊಂದಿತ್ತು. ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ದಿನಗಳಲ್ಲಿ ಸರಿಯಾದ ಹಾಡು ಸಿಗುವವರೆಗೆ ಅಲ್ಲೊಂದು ಬದಲಿ ಹಾಡು ಹಾಕಿರುತ್ತಾರೆ. ಅದಕ್ಕೆ ಅವರ ಕೋಣೆಯಲ್ಲಿ ಸ್ಟೆಪ್ನಿ ಎಂದು ಹೆಸರು. ಸ್ಟೆಪ್ನಿಯ ಅಪಾಯವೇನೆಂದರೆ, ನಿರ್ದೇಶಕರು ತಿಂಗಳುಗಟ್ಟಲೆ ಅದರ ಜೊತೆಯಲ್ಲೇ ದೃಶ್ಯ ನೋಡಿ ನೋಡಿ ಅದರ ಮೇಲೇ ಮನಸ್ಸು ಕಟ್ಟಿಕೊಂಡುಬಿಡುತ್ತಾರೆ. ಆಮೇಲೆ ಸ್ವರ್ಗದಿಂದ ಹಾಡು ಇಳಿಸಿ ತಂದರೂ ಅವರಿಗೆ ಸೇರುವುದಿಲ್ಲ. ಆದ್ದರಿಂದ ಕೈಗೆ ಸಿಗದ ಹಾಡನ್ನು ಸ್ಟೆಪ್ನಿಯಾಗಿಯೂ ಹಾಕಬಾರದು ಎಂದು ಅವಳೇ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳು. ಹಾಗೆ ಬುದ್ಧಿ ಹೇಳುವವಳೇ ಎಡವಿದ್ದು ಈ ಸರಣಿಯಲ್ಲಿ.

ದೃಶ್ಯ ಇಷ್ಟೇ. ಗಂಡನನ್ನು ಕಳೆದುಕೊಂಡು ಒಂಬತ್ತು ದಿನವಾದ ಹೆಂಗಸು ಅವನ ಅಂಗಿಯೊಂದಕ್ಕೆ ಇಸ್ತ್ರಿ ಹಾಕುತ್ತಿರುತ್ತಾಳೆ. ಯಾರಿಗಾಗಿ ಹಾಕುತ್ತಿದ್ದೇನೆಂದು ಅವಳಿಗೇ ಗೊತ್ತಿಲ್ಲ. ಗೋಡೆಯಾಚೆ ಪಕ್ಕದ ಮನೆಯಲ್ಲಿ ಯಾರೋ ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿರುವುದು ಕೇಳಿಸುತ್ತದೆ. ನಿರ್ದೇಶಕ ವಯಸ್ಸಿನಲ್ಲಿ ಹಾಡಿನಕ್ಕನಿಗಿಂತ ಚಿಕ್ಕವನು, ತಲೆ ತುಂಬ ಕನಸು, ಬಾಯಿ ತುಂಬ ಅಕ್ಕ ಅಕ್ಕ. ಯಾರಿಗೂ ಕೇಳಿಸಲಿ ಎಂದು ಹಾಡದ ದನಿ ಬೇಕು ಎಂದು ಅವನು ಪಟ್ಟು ಹಿಡಿದ. ಅವಳು ನಲವತ್ತೊಂದು ಹಾಡು ಹುಡುಕಿ ಕೊಟ್ಟಳು. ನಲವತ್ತೊಂದಕ್ಕೂ ಅವನು ಮುಖ ಹುಳ್ಳಗೆ ಮಾಡಿದ. ಚಾನೆಲಿನವರು ನೋಡಲು ಬರುವ ದಿನ ಬೆಳಿಗ್ಗೆವರೆಗೂ ಆ ಜಾಗ ಖಾಲಿ ಉಳಿದಿತ್ತು. ಬೇರೆ ದಾರಿ ಕಾಣದೆ ಅವಳು ತನ್ನ ಕಂಪ್ಯೂಟರಿನ ಮೂಲೆಯಲ್ಲಿದ್ದ ಒಂದು ಫೈಲು ತೆಗೆದು ಹಾಕಿಬಿಟ್ಟಳು, ಇವತ್ತೊಂದು ದಿನಕ್ಕೆ ತಾನೇ ಎಂದು. ಅದು ಅವಳ ಅಮ್ಮನ ಹಾಡು.

ಅಮ್ಮನೂ ಹಾಡುಗಾರ್ತಿಯಲ್ಲ. ಬಟ್ಟೆ ಹೊಲಿಯುವವಳು, ಎಪ್ಪತ್ತು ದಾಟಿದರೂ ಈಗಲೂ ಅಕ್ಕಪಕ್ಕದವರ ಪ್ಯಾಂಟಿನ ಜಿಪ್ಪು, ಲಂಗದ ಅಂಚು ಅವಳ ಕೈಗೇ ಬರುತ್ತವೆ. ಹಿಂದೆ, ಹಾಡಿನಕ್ಕ ಹನ್ನೊಂದು ವರ್ಷದವಳಿದ್ದಾಗ, ಸೋದರಮಾವ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ. ಆಗ ಮನೆಯಲ್ಲಿ ಅವಳಿಗೊಬ್ಬ ತಮ್ಮನಿದ್ದ. ಏಳು ವರ್ಷ, ಹುಟ್ಟಿದಾಗಿನಿಂದ ಹೃದಯ ಸರಿಯಿಲ್ಲ, ಒಳಕೋಣೆಯ ಮಂಚ ಬಿಟ್ಟರೆ ಅಮ್ಮನ ಸೊಂಟ. ಅವನನ್ನು ನಗಿಸಲೆಂದು ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ತಾನೇ ಕಟ್ಟಿ ಹಾಡುತ್ತಿದ್ದ ಹಾಡು ಅದು:

ಗುಂಡಿ ಬಿತ್ತಲ್ಲೋ, ಎಲ್ಲಿ ಹುಡುಕಲೋ,
ಅಂಗಿ ಕಾಯ್ತಾ ಕೂತಿದೆ.

ಒಂದು ಮಧ್ಯಾಹ್ನ ಅವಳು ಅಮ್ಮನನ್ನು ಕಾಡಿಸಿ ಪೀಡಿಸಿ ಆ ಹಾಡನ್ನು ಟೇಪಿನಲ್ಲಿ ಹಿಡಿದಳು. ಅದೇ ಮಧ್ಯಾಹ್ನ ತಮ್ಮ ಹೋದ. ಅಂದಿನಿಂದ ಬಂದವರಿಗೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: ನಿದ್ದೆಯಲ್ಲೇ ಹೋದ ಕಂದ, ಒಂದು ಸಲ ಕರೆಯಲೂ ಇಲ್ಲ. ಮೂವತ್ತೆರಡು ವರ್ಷದಿಂದ ಆ ಮಾತು ಅಕ್ಷರ ಬದಲಾಗದೆ ಹಾಗೇ ಇದೆ. ಅಪ್ಪ ಅದನ್ನೇ ಕೇಳಿಕೊಂಡು ಬದುಕಿ ಒಂದು ದಿನ ತಾನೂ ಹೋದ. ಹಾಡಿನಕ್ಕ ಅದನ್ನೇ ಕೇಳಿಕೊಂಡು ಬೆಳೆದಳು. ಸಂಕಟವಾದಾಗಲೆಲ್ಲ ಸದ್ಯ, ಕರೆಯಲಿಲ್ಲವಲ್ಲ ಎಂದುಕೊಂಡರೆ ಮನಸ್ಸು ಒಂದಿಷ್ಟು ಹಗುರಾಗುತ್ತಿತ್ತು.

ಟೇಪನ್ನು ಅವಳು ಎಷ್ಟೋ ವರ್ಷಗಳ ಮೇಲೆ ಅಮ್ಮನ ಪೆಟ್ಟಿಗೆಯಿಂದ ಇಸಿದುಕೊಂಡು ಕಂಪ್ಯೂಟರಿಗೆ ಇಳಿಸಿದ್ದಳು. ಆದರೆ ಪೂರ್ತಿ ಕೇಳಿದವಳಲ್ಲ. ದಿನಕ್ಕೆ ನೂರು ಹಾಡು ಕೇಳುವ ಕಿವಿ ಇದರ ಮೊದಲ ನಾಲ್ಕು ಸಾಲಿಗೇ ಕೈಚೆಲ್ಲುತ್ತಿತ್ತು, ಬೆರಳು ತಾನೇ ಹೋಗಿ ನಿಲ್ಲಿಸುತ್ತಿತ್ತು. ದೃಶ್ಯ ಮೂವತ್ತೆಂಟು ಸೆಕೆಂಡಿನದು, ಅಷ್ಟಕ್ಕೆ ನಾಲ್ಕು ಸಾಲು ಸಾಕಾಗಿತ್ತು.

ಆಮೇಲೆ ಆದದ್ದು ಸ್ಟೆಪ್ನಿಗಳ ವಿಷಯದಲ್ಲಿ ಯಾವಾಗಲೂ ಆಗುವುದೇ. ಚಾನೆಲಿನವರು ಕಣ್ಣೊರೆಸಿಕೊಂಡರು. ನಿರ್ದೇಶಕ ಕುರ್ಚಿಯಿಂದ ಎದ್ದು ನಿಂತ. ಈ ದನಿ ಬಿಟ್ಟು ಇನ್ನೊಂದು ಬೇಡ, ಹಾಡು ಪೂರ್ತಿ ಬೇಕು, ಅದಕ್ಕೆ ಬೇಕಾದರೆ ದೃಶ್ಯವನ್ನೇ ಉದ್ದ ಮಾಡುತ್ತೇನೆ ಎಂದ. ಹೇಳಿದ ಹಾಗೆ ಮಾಡಿಯೂ ಬಿಟ್ಟ, ಮೂವತ್ತೆಂಟು ಸೆಕೆಂಡು ಎರಡೂವರೆ ನಿಮಿಷವಾಯಿತು. ಹಾಡಿದವರು ಯಾರು ಎಂದು ಕೇಳಿದಾಗ ಹಾಡಿನಕ್ಕ ಸುಳ್ಳು ಹೇಳಲಾರದೆ ನಮ್ಮಮ್ಮ ಎಂದಳು. ಅವನು ನಕ್ಕು, ಹಾಗಾದರೆ ಸಹಿಗೇನು ಕಷ್ಟ, ಅಡುಗೆಮನೆಗೆ ಹೋಗಿ ಬಂದರಾಯಿತು ಎಂದ. ಅವಳೂ ನಕ್ಕಳು. ಸ್ವಲ್ಪ ಹೆಮ್ಮೆಯೂ ಆಗಿರಬೇಕು.

ದನಿಗಳನ್ನೆಲ್ಲ ಹದ ಮಾಡಿ ಕೂಡಿಸುವ ಕೊನೆಯ ಕೆಲಸ ಶುಕ್ರವಾರ ಎಂದು ಗೊತ್ತಾಗಿತ್ತು. ಸೋಮವಾರ ಅವಳು ಪೂರ್ತಿ ಫೈಲನ್ನು ಕಿವಿಯಣ್ಣನಿಗೆ ಕಳಿಸಿದಳು. ಕಿವಿಯಣ್ಣ ಶಬ್ದದ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವನು. ಫ್ಯಾನಿನ ಸದ್ದು ಕೇಳಿ ಯಾವ ಕೋಣೆಯ ಫ್ಯಾನೆಂದು ಹೇಳುತ್ತಾನೆ ಎಂದು ಅವನ ಬಗ್ಗೆ ತಮಾಷೆ ಮಾಡುತ್ತಾರೆ. ಹಳೆಯ ಧ್ವನಿಮುದ್ರಣ ಕೊಟ್ಟರೆ ಅವನು ಅದನ್ನು ಎರಡಾಗಿ ಬೇರ್ಪಡಿಸುತ್ತಾನೆ. ಒಂದರಲ್ಲಿ ಬೇಕಾದ ದನಿ, ಇನ್ನೊಂದರಲ್ಲಿ ಬೇಡವಾದದ್ದೆಲ್ಲ: ಟೇಪಿನ ಸುಯ್ಯೆನ್ನುವ ಸದ್ದು, ಬೀದಿ, ಗಡಿಯಾರ. ಎರಡನೆಯದಕ್ಕೆ ಅವನು ಕಸ ಎನ್ನುತ್ತಾನೆ. ಉಳಿದವರು ಕಸವನ್ನು ಅಲ್ಲೇ ಅಳಿಸಿಬಿಡುತ್ತಾರೆ. ಕಿವಿಯಣ್ಣ ಮಾತ್ರ ಕಸವನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳದೆ ಬಿಡುವುದಿಲ್ಲ, ಬೇಕಾದದ್ದೇನಾದರೂ ಅದರೊಳಗೆ ಹೋಗಿದೆಯೇ ಎಂದು ನೋಡಲು.

ಬುಧವಾರ ಹನ್ನೆರಡು ಗಂಟೆಗೆ ಅವನು ಫೋನು ಮಾಡಿ ಬಂದು ಹೋಗಲು ಹೇಳಿದ. ಬಾಗಿಲಿಗೆ ದಪ್ಪ ರಬ್ಬರಿನ ಅಂಚು ಹಾಕಿದ ಅವನ ಕೋಣೆಯಲ್ಲಿ ಮೊದಲು ಅಮ್ಮನ ದನಿ ಕೇಳಿಸಿದ. ತೊಳೆದಿಟ್ಟ ಗಾಜಿನಷ್ಟು ಸ್ವಚ್ಛವಾಗಿತ್ತು. ಮೂವತ್ತೆರಡು ವರ್ಷ ಚಿಕ್ಕವಳಾದ ಅಮ್ಮ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತು ಹಾಡುತ್ತಿದ್ದಂತೆ ಅನ್ನಿಸಿ ಹಾಡಿನಕ್ಕನ ಕಣ್ಣು ತುಂಬಿತು. ಮೊದಲ ಸಲ ಅವಳು ಹಾಡನ್ನು ಕೊನೆಯವರೆಗೆ ಕೇಳಿದಳು. ಚೆನ್ನಾಗಿದೆ ಅಣ್ಣ ಎಂದಳು.

ಅವನು ತಲೆಯಾಡಿಸಲಿಲ್ಲ.

"ನೋಡಮ್ಮ, ಕಸದಲ್ಲಿ ಒಂದು ಮಗು ಇದೆ," ಎಂದ. "ನೀನು ಕೇಳೋದು ಒಳ್ಳೇದು ಅನ್ನಿಸ್ತು."

ಕಸದಲ್ಲಿ ಮೊದಲು ಬರಿಯ ಸುಯ್ಯೆನ್ನುವ ಸದ್ದು. ಎಲ್ಲೋ ಒಂದು ಸೈಕಲ್ ಗಂಟೆ. ಅಮ್ಮ ಇರಬೇಕಾದ ಕಡೆ ಅವಳಿಲ್ಲದ ಒಂದು ಟೊಳ್ಳು. ಒಂದು ನಿಮಿಷ ನಲವತ್ತು ಸೆಕೆಂಡಿಗೆ, ದೂರದಿಂದ, ಮುಚ್ಚಿದ ಬಾಗಿಲಿನ ಆಚೆಯಿಂದ ತಮ್ಮನ ದನಿ ಬಂತು. ಅಕ್ಕಾ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಅಕ್ಕಾ. ಆ ಎರಡನೆಯ ಕರೆಯ ಬೆನ್ನಿಗೇ, ಮೈಕಿಗೆ ತೀರಾ ಹತ್ತಿರದಲ್ಲಿ, ಯಾರೋ ಶ್ ಎಂದರು. ಆಮೇಲೆ ಒಂದೇ ಒಂದು ಸಲ, ಅಮ್ಮಾ. ಮತ್ತೆ ಬರಿಯ ಸುಯ್ಯೆನ್ನುವ ಸದ್ದು.

ಕಿವಿಯಣ್ಣ ಅವಳ ಮುಖ ನೋಡದೆ, ಆ ಶ್ ಎನ್ನುವುದು ಮೈಕಿನ ಹತ್ತಿರದ್ದು, ಮಕ್ಕಳ ಬಾಯಿಯದ್ದು ಎಂದಷ್ಟೇ ಹೇಳಿದ. ಅವಳಿಗೆ ಹೇಳಬೇಕಾಗಿರಲಿಲ್ಲ. ಒಳಕೋಣೆಯ ಬಾಗಿಲು ಮುಚ್ಚಿದವಳು ಅವಳೇ, ಹಾಡಿನೊಳಗೆ ಬೇರೆ ಸದ್ದು ಬರಬಾರದೆಂದು. ಬಾಗಿಲಿನ ನೆನಪು ಅವಳಿಗೆ ಯಾವಾಗಲೂ ಇತ್ತು. ಶ್ ಎಂದದ್ದು ಮಾತ್ರ ಎಲ್ಲಿ ಅಡಗಿ ಕೂತಿತ್ತೋ, ಅವಳ ಮನಸ್ಸು ಅದನ್ನು ನುಂಗಿ ನೀರು ಕುಡಿದಿತ್ತು. ಈಗ ಕೇಳಿದ ಕೂಡಲೇ ಮುಂದಿನ ಎರಡು ಹಲ್ಲುಗಳ ನಡುವೆ ಆ ಗಾಳಿ ಹೊರಟ ತಣ್ಣಗಿನ ರುಚಿ ಸಮೇತ ನೆನಪಾಯಿತು. ಅವಳಿಗೆ ಕೇಳಿಸಿತ್ತು. ಕೇಳಿಸಿಯೂ ಸುಮ್ಮನಿರಿಸಿದ್ದಳು.

ಕಸವನ್ನು ಅಳಿಸಲೇ ಎಂದು ಅವನು ಕೇಳಿದ. ಅವಳು ಎದ್ದಳು. ಸ್ವಚ್ಛ ಮಾಡಿದ ಫೈಲನ್ನು ಮಾತ್ರ ತೆಗೆದುಕೊಂಡು ಹೊರಗೆ ಬಂದಳು.

ಆ ದಿನ ಮಧ್ಯಾಹ್ನದಿಂದ ಅವಳ ಕಿವಿ ಅವಳ ಮಾತು ಕೇಳುವುದನ್ನು ಬಿಟ್ಟಿತು. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಾಗ ಶ್ ಎಂದಿತು. ನೀರು ಕಾಯಿಸುವ ಪಾತ್ರೆ ಶ್ ಎಂದಿತು. ಬಸ್ಸು ನಿಂತು ಗಾಳಿ ಬಿಟ್ಟರೂ ಅದೇ. ಎಡಿಟಿಂಗ್ ಕೋಣೆಯಲ್ಲಿ ಯಾರಾದರೂ ಅಕ್ಕಾ ಎಂದು ಕೂಗಿದರೆ ಬಾಗಿಲ ಕಡೆ ತಿರುಗಿಬಿಡುತ್ತಿದ್ದಳು. ಅಲ್ಲಿ ಅವಳನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ದಿನಕ್ಕೆ ಐವತ್ತು ಸಲ. ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮನ ಕೋಣೆಯ ಬಾಗಿಲು ಗಾಳಿಗೆ ಮುಚ್ಚಿಕೊಂಡಿತು. ಹಾಡಿನಕ್ಕ ಎಂಜಲು ಕೈಯಲ್ಲೇ ಎದ್ದು ಹೋಗಿ ಅದನ್ನು ತೆರೆದು, ಮತ್ತೆ ಮುಚ್ಚದ ಹಾಗೆ ಕುರ್ಚಿ ಅಡ್ಡ ಇಟ್ಟು ಬಂದಳು. ಅಮ್ಮ ಒಂದು ಸಲ ಅವಳನ್ನೂ ಒಂದು ಸಲ ಕುರ್ಚಿಯನ್ನೂ ನೋಡಿದಳು.

ಅವಳ ಭಯ ತನ್ನ ತಪ್ಪಿನದಷ್ಟೇ ಆಗಿರಲಿಲ್ಲ. ಅಮ್ಮ ಮೂವತ್ತೆರಡು ವರ್ಷದಿಂದ ಒಂದೇ ಒಂದು ಮಾತಿನ ಮೇಲೆ ನಿಂತಿದ್ದಾಳೆ, ಕರೆಯಲೂ ಇಲ್ಲ ಎಂಬ ಮಾತಿನ ಮೇಲೆ. ಅದು ಸುಳ್ಳೆಂದು ಗೊತ್ತಾದರೆ ಈ ವಯಸ್ಸಿನಲ್ಲಿ ಅವಳು ಇನ್ನೇನು ಹಿಡಿದುಕೊಳ್ಳಬೇಕು? ಹಾಡನ್ನೇ ಕೈಬಿಡುವುದು ಒಳ್ಳೆಯದೆಂದುಕೊಂಡು ಗುರುವಾರ ಬೆಳಿಗ್ಗೆ ನಿರ್ದೇಶಕನಿಗೆ ಅಮ್ಮ ಒಪ್ಪಲಿಕ್ಕಿಲ್ಲ ಎಂದಳು. ಅವನು ಅತ್ತೇಬಿಡುವವನಂತೆ, ಇಡೀ ಸರಣಿ ಆ ಎರಡೂವರೆ ನಿಮಿಷದ ಮೇಲೆ ನಿಂತಿದೆ ಎಂದ. ನೀವು ಕೇಳಿ ನೋಡಿದಿರಾ ಎಂದು ಕೇಳಿದ. ಅವಳು ಕೇಳಿರಲಿಲ್ಲ. ಬೇರೆಯವರ ಅಮ್ಮಂದಿರನ್ನು ಕೇಳಲು ಬಸ್ಸು ರೈಲು ಹತ್ತಿ ಹೋಗಿದ್ದವಳು ತನ್ನ ಮನೆಯ ಹಜಾರ ದಾಟಿರಲಿಲ್ಲ.

ಕೊನೆಗೆ ಅವಳು ಒಂದು ಉಪಾಯಕ್ಕೆ ಬಂದಳು. ಸ್ವಚ್ಛ ಮಾಡಿದ ಫೈಲಿನಲ್ಲಿ ತಮ್ಮನ ದನಿ ಇಲ್ಲವಲ್ಲ. ಅದನ್ನೇ ದೃಶ್ಯದ ಜೊತೆ ಅಮ್ಮನಿಗೆ ತೋರಿಸುವುದು, ಸಹಿ ಹಾಕಿಸಿಕೊಳ್ಳುವುದು, ಕಸವನ್ನು ಅಳಿಸಲು ಹೇಳಿಬಿಡುವುದು. ತೋರಿಸಿಯೇ ಸಹಿ ಪಡೆದಂತೆಯೂ ಆಯಿತು, ಅಮ್ಮನಿಗೆ ಗೊತ್ತಾಗದಂತೆಯೂ ಆಯಿತು. ಮೋಸವೆಂದು ಅವಳಿಗೆ ಗೊತ್ತಿತ್ತು. ಆದರೆ ಆ ಮೋಸ ಅಮ್ಮನ ಸಲುವಾಗಿ ಎಂದು ತನ್ನನ್ನು ತಾನೇ ನಂಬಿಸಿಕೊಂಡಳು. ಅದರಲ್ಲಿ ತನ್ನ ಸಲುವಾಗಿ ಎಷ್ಟು ಎಂದು ಲೆಕ್ಕ ಹಾಕಲು ಹೋಗಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಅಮ್ಮ ಕಿಟಕಿಯ ಬಳಿ ಕೂತು ಯಾರದೋ ಪ್ಯಾಂಟಿನ ಹಳೆಯ ಜಿಪ್ಪು ಬಿಚ್ಚುತ್ತಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಡಿನಕ್ಕ ಲ್ಯಾಪ್‌ಟಾಪ್ ಇಟ್ಟು ವಿಷಯ ಹೇಳಿದಳು. ಅಮ್ಮ ಮೊದಲು, ನನ್ನ ಕಾಗೆ ದನಿ ಟೀವಿಯಲ್ಲಿ ಬಂದರೆ ಜನ ಟೀವಿ ಆರಿಸಿ ಮಲಗುತ್ತಾರೆ ಎಂದು ತಮಾಷೆ ಮಾಡಿದಳು. ಯಾವ ಹಾಡು ಎಂದು ಹೇಳಿದ ಮೇಲೆ ಕನ್ನಡಕ ಒರೆಸಿ ಹಾಕಿಕೊಂಡಳು.

ಪರದೆಯ ಮೇಲಿನ ಹೆಂಗಸು ಅಂಗಿಯ ತೋಳು ಬಿಡಿಸಿ ಇಸ್ತ್ರಿ ಹಾಕತೊಡಗಿದಳು. ಹಾಡು ಶುರುವಾಯಿತು. ಅಮ್ಮನ ತುಟಿ ತಾನಾಗಿ ಅಲುಗಿತು, ಎರಡನೆಯ ಸಾಲಿಗೆ ನಕ್ಕಳು ಕೂಡ. ಮೂರನೆಯ ಚರಣ ಬರುವಾಗ ಅವಳು ನಗು ನಿಲ್ಲಿಸಿ ಪರದೆಯ ಕಡೆ ಬಾಗಿ ಕಿವಿ ಕೊಟ್ಟಳು. ಒಂದು ನಿಮಿಷ ನಲವತ್ತು ಸೆಕೆಂಡು ಬಂತು, ಹೋಯಿತು. ಅಮ್ಮ ಇನ್ನೂ ಬಾಗಿಯೇ ಇದ್ದಳು. ಹಾಡು ಮುಗಿದ ಮೇಲೂ ಕಾದಳು, ಬಸ್ಸು ಹೋದ ಮೇಲೂ ನಿಲ್ದಾಣದಲ್ಲಿ ನಿಂತವರು ಕಾಯುತ್ತಾರಲ್ಲ ಹಾಗೆ. ಆಮೇಲೆ ಮಗಳ ಕಡೆ ತಿರುಗಿದಳು.

"ಅವನೆಲ್ಲಿ?"

ಟೇಪು ಹಳೆಯದು, ತುಂಬ ಗಲಾಟೆ ಇತ್ತು, ಅದನ್ನೆಲ್ಲ ತೆಗೆಸಿದ್ದೇನೆ ಎಂದು ಹಾಡಿನಕ್ಕ ಏನೋ ಒದರಿದಳು.

"ಗಲಾಟೆ," ಎಂದಳು ಅಮ್ಮ. ಕೈಯಲ್ಲಿದ್ದ ಜಿಪ್ಪನ್ನು ಮೇಜಿನ ಮೇಲಿಟ್ಟಳು. "ಅವನ ದನಿ ಇರೋದು ಅದೊಂದರಲ್ಲೇ. ನೀನು ಅದನ್ನೇ ತೆಗೆಸಿಕೊಂಡು ಬಂದಿದ್ದೀಯ."

ಹೊರಗೆ ಯಾರೋ ಮೆಟ್ಟಿಲು ಇಳಿದು ಹೋದರು. ಹಾಡಿನಕ್ಕ ನೆಲದ ಮೇಲೆ, ಅಮ್ಮನ ಕಾಲ ಬಳಿ ಕುಸಿದು ಕೂತಳು. ಅವಳು ಕೇಳಬೇಕೆಂದಿದ್ದನ್ನು ಕೇಳುವ ಮೊದಲೇ ಅಮ್ಮ ತಾನಾಗಿ ಹೇಳುತ್ತ ಹೋದಳು. ಟೇಪು ತನ್ನ ಪೆಟ್ಟಿಗೆಯಲ್ಲಿದ್ದಷ್ಟು ವರ್ಷವೂ, ಮಗಳು ಶಾಲೆಗೆ ಹೋದ ಮೇಲೆ, ಆಮೇಲೆ ಕಾಲೇಜಿಗೆ ಹೋದ ಮೇಲೆ, ಅದನ್ನು ಹಾಕಿ ಕೇಳುತ್ತಿದ್ದಳಂತೆ. ತನ್ನ ಹಾಡು ಯಾರಿಗೆ ಬೇಕಾಗಿತ್ತು? ಹಾಡಿನ ಹಿಂದಿರುವ ಆ ಮೂರು ಕರೆಗೋಸ್ಕರ ಕೇಳುತ್ತಿದ್ದಳು. ಮಗಳು ಟೇಪು ಇಸಿದುಕೊಂಡು ಹೋದ ದಿನ, ಈಗ ಇವಳಿಗೂ ಕೇಳಿಸುತ್ತದೆ ಎಂದು ಎದೆ ಹೊಡೆದುಕೊಂಡಿತ್ತಂತೆ. ಮಗಳು ಏನೂ ಹೇಳದಿದ್ದಾಗ ಕೇಳಿಸಿಲ್ಲವೆಂದು ಸಮಾಧಾನವಾಯಿತಂತೆ, ಸ್ವಲ್ಪ ಬೇಜಾರೂ ಆಯಿತಂತೆ.

"ಅವತ್ತೇ ನಿನಗೆ ಕೇಳಿಸಿತ್ತಾ?" ಎಂದಳು ಹಾಡಿನಕ್ಕ.

"ಕೇಳಿಸ್ತು. ಮೊದಲು ನಿನ್ನನ್ನ ಕರೆದ, ಎರಡು ಸಲ. ಆಮೇಲೆ ನನ್ನನ್ನ."

"ಮತ್ತೆ ಯಾಕಮ್ಮ ಎದ್ದು ಹೋಗಲಿಲ್ಲ?"

ಅಮ್ಮನ ದನಿ ನಡುಗಲಿಲ್ಲ, ಎಷ್ಟೋ ಸಲ ತನ್ನೊಳಗೇ ಹೇಳಿಕೊಂಡ ಮಾತಿನ ಹಾಗಿತ್ತು.

"ದಿನಕ್ಕೆ ಇಪ್ಪತ್ತು ಸಲ ಕರೀತಿದ್ದ. ನೀರು ಬೇಕು ಅಂತ, ಹೊದಿಕೆ ಜಾರಿತು ಅಂತ, ಸುಮ್ಮನೆ ಮುಖ ತೋರಿಸು ಅಂತ. ಇದೂ ಹಾಗೇ ಅಂದುಕೊಂಡೆ. ಹಾಡಲ್ಲಿ ಇನ್ನು ನಾಲ್ಕು ಸಾಲು ಇತ್ತು. ನೀನು ಆ ಡಬ್ಬದ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದೆ. ಅವನ ಕಾಯಿಲೆಯಲ್ಲಿ ನಿನ್ನ ಕಡೆ ನೋಡೋರೇ ಇರಲಿಲ್ಲ ಆ ಮನೇಲಿ. ಒಂದು ನಾಲ್ಕು ಸಾಲು ನಿನಗೆ ಕೊಡೋಣ ಅನ್ನಿಸ್ತು. ಮುಗಿಸಿ, ನಿನ್ನ ತಲೆ ಸವರಿ, ಆಮೇಲೆ ಬಾಗಿಲು ತೆಗೆದೆ."

"ನಾನು ಶ್ ಅಂದೆ," ಎಂದಳು ಹಾಡಿನಕ್ಕ.

"ನೀನು ಶ್ ಅಂದೆ. ನಾನು ಹಾಡು ನಿಲ್ಲಿಸಲಿಲ್ಲ. ಎದ್ದು ಹೋಗಿದ್ದರೆ ಉಳೀತಿದ್ದನಾ ಅಂತ ನನಗೆ ಗೊತ್ತಿಲ್ಲ ಕಣೇ. ಡಾಕ್ಟ್ರು ಇಲ್ಲ ಅಂದ್ರು. ಅವರು ಏನು ಬೇಕಾದರೂ ಅಂತಾರೆ. ಕೈಯಾದರೂ ಹಿಡ್ಕೊಂಡಿರಬಹುದಿತ್ತು."

ಹಾಗಾದರೆ ಕರೆಯಲೂ ಇಲ್ಲ ಎಂದು ಇಷ್ಟು ವರ್ಷ ಎಲ್ಲರ ಮುಂದೆ ಯಾಕೆ ಹೇಳಿಕೊಂಡು ಬಂದೆ ಎಂದು ಅವಳು ಕೇಳಲಿಲ್ಲ. ಉತ್ತರ ಎದುರಿಗೇ ಕೂತಿತ್ತು. ಆ ಸಂಜೆ ಮನೆ ತುಂಬ ಜನ ಸೇರಿದ್ದಾಗ, ಹನ್ನೊಂದು ವರ್ಷದ ಹುಡುಗಿಯೊಬ್ಬಳು ಬಾಗಿಲ ಸಂದಿಯಲ್ಲಿ ನಿಂತು ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು. ಅಮ್ಮ ಆ ಹುಡುಗಿಗೆ ಕೇಳಿಸಲೆಂದೇ ಮೊದಲ ಸಲ ಆ ಮಾತು ಹೇಳಿದ್ದು. ಆಮೇಲೆ ಅದನ್ನು ನಿಲ್ಲಿಸಲು ಅವಳಿಗೆ ಧೈರ್ಯ ಬರಲಿಲ್ಲ, ಹುಡುಗಿಗೆ ನಲವತ್ತಮೂರಾದರೂ. ತಾನು ಒಂದು ದಿನ ಅಮ್ಮನಿಂದ ಮುಚ್ಚಿಡಲು ಒದ್ದಾಡಿದ್ದನ್ನೇ ಅಮ್ಮ ಮೂವತ್ತೆರಡು ವರ್ಷ ತನ್ನಿಂದ ಮುಚ್ಚಿಟ್ಟಿದ್ದಳು ಎಂದು ತಿಳಿದಾಗ ಹಾಡಿನಕ್ಕ ಅಮ್ಮನ ಮಡಿಲಲ್ಲಿದ್ದ ಪ್ಯಾಂಟಿನ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಯಾರ ಪ್ಯಾಂಟೋ ಏನೋ, ಒದ್ದೆಯಾಯಿತು. ಅಮ್ಮ ಅದನ್ನು ಎಳೆದುಕೊಳ್ಳಲೂ ಇಲ್ಲ, ಅಳಬೇಡ ಎನ್ನಲೂ ಇಲ್ಲ. ಅವಳ ಕೂದಲಿಗೆ ಅಂಟಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಆರಿಸುತ್ತ ಕೂತಳು.

ಅತ್ತು ಮುಗಿದ ಮೇಲೆ ಹಾಡಿನಕ್ಕ ಹಾಡು ಬೇಡ, ಸಹಿಯ ಕಾಗದ ಹರಿದುಹಾಕುತ್ತೇನೆ ಎಂದಳು. ಅಮ್ಮ ಕಾಗದ ಇಲ್ಲಿ ಕೊಡು ಎಂದಳು. ಓದಿದಳು, ಸಾಲಿನ ಮೇಲೆ ಬೆರಳಿಟ್ಟುಕೊಂಡು, ನಿಧಾನವಾಗಿ. ಹಾಡು ಕಟ್ಟಿದವರು ಎಂಬಲ್ಲಿ ತನ್ನ ಹೆಸರು ಸರಿ ಎಂದಳು. ಹಾಡಿದವರು ಎಂಬಲ್ಲಿ ಪೆನ್ನು ನಿಲ್ಲಿಸಿದಳು.

"ಅವನನ್ನ ವಾಪಸ್ ಹಾಕಿಸ್ತೀಯಾ? ಹಾಗಿದ್ರೆ ಸೈನ್ ಮಾಡ್ತೀನಿ. ನಾನೊಬ್ಬಳೇ ಹಾಡಿದ್ದಲ್ಲ ಅದು."

ಟೀವಿಯಲ್ಲಿ ಎಲ್ಲರಿಗೂ ಕೇಳಿಸುತ್ತದೆ ಎಂದು ಹಾಡಿನಕ್ಕ ಎಚ್ಚರಿಸಿದಳು. ಕೇಳಿಸಲಿ ಎಂದಳು ಅಮ್ಮ. ನನ್ನ ಶ್ ಕೂಡ ಎಂದಳು ಮಗಳು. ಅಮ್ಮ ಯೋಚಿಸಿ, ಅದು ನಿನ್ನದು, ನೀನೇ ನೋಡಿಕೋ ಎಂದು ಕನ್ನಡಕ ತೆಗೆದಿಟ್ಟಳು.

ಕಿವಿಯಣ್ಣ ಕಸವನ್ನು ಅಳಿಸಿರಲಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ, ಸಣ್ಣ ಸಿನಿಮಾ ಮಂದಿರದಂತಿದ್ದ ಆ ಕೋಣೆಯಲ್ಲಿ, ಅವನು ಅಮ್ಮನ ದನಿಯ ಜೊತೆಗೆ ಕಸದಿಂದ ಇಪ್ಪತ್ತು ಸೆಕೆಂಡು ಎತ್ತಿ ಮತ್ತೆ ಅದರ ಜಾಗದಲ್ಲೇ ಕೂರಿಸಿದ. ಎಷ್ಟು ಬೇಕು ಎಂದು ಅವನು ಕಣ್ಣಲ್ಲೇ ಕೇಳಿದ. ಇದ್ದಷ್ಟೂ ಬೇಕು ಎಂದಳು ಹಾಡಿನಕ್ಕ, ಶ್ ಎಂಬುದೂ ಸೇರಿ. ನಿರ್ದೇಶಕನಿಗೆ ಹಾಡಿನವರ ಷರತ್ತು ಎಂದಷ್ಟೇ ಹೇಳಿದ್ದಳು, ಅವನಿಗೆ ಅದು ಪಕ್ಕದ ಮನೆಯ ಮಗು. ಮಗು ಇದ್ದರೆ ಇನ್ನೂ ಒಳ್ಳೆಯದೇ ಎಂದು ಅವನು ಖುಷಿಯಾಗಿದ್ದ. ಸರಣಿಯಲ್ಲಿ ಕೆಲಸ ಮಾಡಿದವರು ಏಳೆಂಟು ಮಂದಿ ಹಿಂದಿನ ಸಾಲಿನಲ್ಲಿ ಕೂತರು. ದೀಪ ಆರಿಸಿದರು.

ದೊಡ್ಡ ಪರದೆಯ ಮೇಲೆ ಹೆಂಗಸು ಅಂಗಿ ಬಿಡಿಸಿದಳು. ಗೋಡೆಯಾಚೆಯಿಂದ ಅಮ್ಮ ಹಾಡಿದಳು, ಗುಂಡಿ ಬಿತ್ತಲ್ಲೋ ಎಂದು. ಹಾಡಿನಕ್ಕ ಕೈಯಲ್ಲಿ ಗಡಿಯಾರ ಹಿಡಿದು, ಎಂದಿನ ಕೆಲಸಕ್ಕೆ ಬಂದವಳ ಹಾಗೆಯೇ ಕೂತಿದ್ದಳು. ಇಂಥ ಕೋಣೆಯಲ್ಲಿ ಉಸಿರೂ ಜೋರಾಗಿ ಬಿಡಬಾರದು, ಎಲ್ಲರಿಗಿಂತ ಚೆನ್ನಾಗಿ ಅದು ಅವಳಿಗೆ ಗೊತ್ತು. ಒಂದು ನಿಮಿಷ ಮೂವತ್ತು. ಮೂವತ್ತೈದು. ಅವಳ ಎಡಗಡೆ, ಹಿಂದೆ, ಸ್ವಲ್ಪ ದೂರದಲ್ಲಿ, ಬಾಗಿಲಿನ ಆಚೆ ಏಳು ವರ್ಷದ ತಮ್ಮ ಕರೆದ.

ಅಕ್ಕಾ.

"ಬಂದೆ, ಇರೋ," ಎಂದಳು ಹಾಡಿನಕ್ಕ.

ಜೋರಾಗಿಯೇ ಎಂದಳು, ಮನೆಯೊಳಗೆ ಇನ್ನೊಂದು ಕೋಣೆಯಿಂದ ಹೇಳುವಷ್ಟು. ಹೇಳಿ ಎದ್ದು ನಿಂತಿದ್ದಳು ಕೂಡ, ಮುಖ ಬಾಗಿಲ ಕಡೆಗೆ. ಹಿಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನಿರ್ದೇಶಕ ಏನಾಯಿತು ಎನ್ನಲು ಬಾಯಿ ತೆರೆದ. ಕಿವಿಯಣ್ಣ ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದ. ಸ್ಪೀಕರಿನಲ್ಲಿ ಎರಡನೆಯ ಸಲ ಕರೆ ಬಂತು, ಅದರ ಬೆನ್ನಿಗೆ ಹನ್ನೊಂದು ವರ್ಷದವಳು ಶ್ ಎಂದಳು. ನಲವತ್ತಮೂರು ವರ್ಷದವಳು ಕತ್ತಲಲ್ಲಿ ಕುರ್ಚಿಗಳ ಸಾಲು ಹಿಡಿದುಕೊಂಡು ದನಿ ಬಂದ ಕಡೆಗೆ ಹೋಗಿ, ಗೋಡೆಯ ಮೇಲಿನ ಸ್ಪೀಕರಿನ ಕೆಳಗೆ ನಿಂತು ಅದಕ್ಕೆ ಅಂಗೈ ಒತ್ತಿ ಹಿಡಿದಳು. ಬಟ್ಟೆ ಹೊದಿಸಿದ ಆ ಪೆಟ್ಟಿಗೆ ಬೆಚ್ಚಗಿತ್ತು, ಅಮ್ಮಾ ಎಂದಾಗ ಕೈಯೊಳಗೆ ಸಣ್ಣಗೆ ಅದುರಿತು.

ಯಾರೂ ನಿಲ್ಲಿಸಲಿಲ್ಲ. ಹಾಡು ಇನ್ನು ನಾಲ್ಕು ಸಾಲು ಉಳಿದಿತ್ತು, ಅದು ಮುಗಿಯುವವರೆಗೂ ಅವಳು ಕೈ ತೆಗೆಯಲಿಲ್ಲ.